ಹ್ಯೂಯೆನ್‌ತ್ಸಾಂಗ್ ಬಾದಾಮಿಯನ್ನು ಕಂಡಿದ್ದನೇ? – ಹಳೆಯ ಪಾಠವೊಂದರ ತಿದ್ದುಪಡಿ



ಈ ಸಲದ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಇಳಕಲ್ಲಿನಲ್ಲಿ ನನ್ನ ಬಳಿ ಸಮಾಜವಿಜ್ಞಾನ ಕಲಿತವರಲ್ಲಿ ಕೆಲವರಿಗಾದರೂ 1994ರ ಡಿಸೆಂಬರಿನ ಪ್ರವಾಸ ನೆನಪಿರಬಹುದು. ಬೆಳಗಿನ ಐದು ಗಂಟೆಗೆ ಬಸ್ಸು ಹೊರಟು, ಹುನಗುಂದ ದಾಟಿ, ಅಮೀನಗಡದಲ್ಲಿ ಚಹಾ ಕುಡಿದು, ಐಹೊಳೆ, ಪಟ್ಟದಕಲ್ಲುಗಳನ್ನು ಓಡೋಡುತ್ತ ಮುಗಿಸಿ, ಮಧ್ಯಾಹ್ನ ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಬುತ್ತಿ ಬಿಚ್ಚಿದ್ದೆವು. ರೊಟ್ಟಿಯ ಗಂಟೊಂದನ್ನು ಮಂಗಗಳು ಎತ್ತಿಕೊಂಡು ಹೋದ ಗದ್ದಲದಲ್ಲಿ ಪಾಠ ನಿಂತುಹೋಗಿತ್ತು. ಗದ್ದಲ ಅಡಗಿದ ಮೇಲೆ ನಾನು ಎದ್ದು ನಿಂತು, ಕೈಯೆತ್ತಿ, "ಇದೇ ಮೆಟ್ಟಿಲುಗಳ ಮೇಲೆ ನಿಂತು ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಇಮ್ಮಡಿ ಪುಲಕೇಶಿಯ ರಾಜಧಾನಿಯನ್ನು ಕಣ್ತುಂಬ ನೋಡಿದನು" ಎಂದು ಹೇಳಿದೆ.

ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ, ಅಂವ ಇಲ್ಲಿ ಯಾವ ಗುಡಿ ನೋಡಿದ್ದನ್ರಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಕೆರೆಯ ಪೂರ್ವದ ದಂಡೆಯಲ್ಲಿ ನೀರಿಗೆ ಮುಖಮಾಡಿ ನಿಂತ ಭೂತನಾಥ ಗುಡಿಯತ್ತ ಬೆರಳು ಮಾಡಿ, "ಅದನ್ನೇ" ಎಂದೆ. ಅವಳು ನೋಟುಪುಸ್ತಕ ತೆಗೆದು ಬರೆದುಕೊಂಡಳು.

ಆ ಹುಡುಗಿ ಇಂದು ನಮ್ಮ ಜಿಲ್ಲೆಯದೇ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕಳೆದ ವರ್ಷ ಶಿಕ್ಷಕರ ದಿನದಂದು ದೂರವಾಣಿಯಲ್ಲಿ ಮಾತಾಡುತ್ತ, "ಸರ, ಪ್ರತಿ ವರ್ಷ ಮಕ್ಕಳನ್ನ ಕರ್ಕೊಂಡು ಬಾದಾಮಿಗೆ ಹೋಗ್ತೀನ್ರಿ. ನೀವು ನಿಂತ ಜಾಗಾದಾಗ ನಿಂತು ನೀವು ಹೇಳಿದ್ದನ್ನ ಹೇಳ್ತೀನ್ರಿ" ಎಂದಳು. ಶಿಕ್ಷಕನಾದವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಬೇಕೇ? ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹ್ಯೂಯೆನ್‌ತ್ಸಾಂಗನ ಬಗ್ಗೆ ಮೂವತ್ತು ವರ್ಷ ಪಾಠ ಹೇಳಿದ ನಾನು ಅವನ ಪುಸ್ತಕವನ್ನು ಒಂದು ಸಲವೂ ಓದಿರಲಿಲ್ಲ. ಪಠ್ಯಪುಸ್ತಕದ ನಾಲ್ಕು ಸಾಲುಗಳ ಮೇಲೆ ನಾನೇ ಮೆಟ್ಟಿಲು ಕಟ್ಟಿ ಅವನನ್ನು ಅಲ್ಲಿ ನಿಲ್ಲಿಸಿದ್ದೆ.

ಹೀಗಾಗಿ ಮೊದಲು 'ಸಿ-ಯು-ಕಿ'ಯನ್ನು ಓದಿದೆ. 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಮಾಡಿದ ಇಂಗ್ಲಿಷ್ ಅನುವಾದ ಈಗ ಅಂತರಜಾಲದಲ್ಲಿ ಯಾರಿಗೂ ಸಿಗುತ್ತದೆ. ಬಳಿಕ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು, ಈ ಸಲ ಓಡೋಡದೆ, ನಾಲ್ಕು ದಿನ ಐಹೊಳೆ ಮತ್ತು ಬಾದಾಮಿಗಳಲ್ಲಿ ತಿರುಗಿದೆ. ಪ್ರವಾಸಿ ಬಸ್ಸುಗಳು ನಿಲ್ಲದ ಮೂಲೆಗಳಿಗೇ ಹೋಗಬೇಕೆಂಬುದು ನನ್ನ ನಿಶ್ಚಯವಾಗಿತ್ತು. ಬೌದ್ಧ ಭಿಕ್ಷುವೊಬ್ಬ ನಮ್ಮ ಸೀಮೆಗೆ ಬಂದಿದ್ದರೆ ಅವನ ಕಾಲುಗಳು ಎತ್ತ ಎಳೆಯುತ್ತಿದ್ದವೋ ಅತ್ತ ಹೋಗಿ ನೋಡೋಣವೆಂದುಕೊಂಡೆ.

ಮೊದಲು ಆ ಯಾತ್ರಿಕನ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹ್ಯೂಯೆನ್‌ತ್ಸಾಂಗನು 629ರ ಸುಮಾರಿಗೆ ಚೀನಾದ ಚಾಂಗಾನ್ ನಗರವನ್ನು ಬಿಟ್ಟು, ಮರುಭೂಮಿ ಮತ್ತು ಹಿಮಪರ್ವತಗಳನ್ನು ದಾಟಿ ಭಾರತಕ್ಕೆ ಬಂದನು. ನಾಲಂದೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದನು. ದಕ್ಷಿಣಕ್ಕೆ ಕಂಚಿಯವರೆಗೆ ಬಂದು, ಅಲ್ಲಿಂದ ಕೊಂಕಣಪುರ ಎಂದು ತಾನು ಕರೆದ ನಾಡನ್ನು ಹಾಯ್ದು, ಸುಮಾರು 641ರಲ್ಲಿ 'ಮಹಾರಾಷ್ಟ್ರ' ಎಂಬ ದೇಶವನ್ನು ತಲುಪಿದನು. ಅಲ್ಲಿಯ ರಾಜನ ಹೆಸರನ್ನು ಪುಲಕೇಶಿ ಎಂದೇ ದಾಖಲಿಸಿದನು. 645ರಲ್ಲಿ ಸ್ವದೇಶಕ್ಕೆ ಮರಳಿ, ಮರುವರ್ಷ ತನ್ನ ಪ್ರವಾಸದ ಗ್ರಂಥವನ್ನು ಸಿದ್ಧಪಡಿಸಿದನು.

ಪುಲಕೇಶಿಯ ದೇಶದ ಬಗ್ಗೆ ಅವನು ಬರೆದಿರುವ ಭಾಗ ಎರಡು-ಮೂರು ಪುಟಗಳನ್ನು ಮೀರುವುದಿಲ್ಲ. ಆದರೆ ಆ ಪುಟಗಳಲ್ಲಿ ಎಲ್ಲಿಯೂ 'ವಾತಾಪಿ' ಎಂಬ ಹೆಸರಿಲ್ಲ! ರಾಜಧಾನಿಯ ಹೆಸರನ್ನೇ ಅವನು ಹೇಳಿಲ್ಲ. ಹೇಳಿರುವುದು ಇಷ್ಟು: ರಾಜಧಾನಿಯ ಪಶ್ಚಿಮಕ್ಕೆ ಒಂದು ದೊಡ್ಡ ನದಿಯಿದೆ. ನಗರದ ಒಳಗೂ ಹೊರಗೂ ಅಶೋಕನು ಕಟ್ಟಿಸಿದ ಐದು ಸ್ತೂಪಗಳಿವೆ. ನಗರದ ದಕ್ಷಿಣಕ್ಕೆ, ಹೆಚ್ಚು ದೂರವಲ್ಲದ ಜಾಗದಲ್ಲಿ, ಒಂದು ಹಳೆಯ ವಿಹಾರವಿದೆ; ಅದರಲ್ಲಿ ಅವಲೋಕಿತೇಶ್ವರ ಬೋಧಿಸತ್ವನ ಕಲ್ಲಿನ ಮೂರ್ತಿಯಿದೆ. ದೇಶದಲ್ಲಿ ನೂರಕ್ಕೂ ಹೆಚ್ಚು ವಿಹಾರಗಳಿದ್ದು, ಐದು ಸಾವಿರದಷ್ಟು ಭಿಕ್ಷುಗಳಿದ್ದಾರೆ. ಈ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡೆ.

ಮೊದಲ ದಿನ ಐಹೊಳೆಗೆ ಹೋದೆವು. ಪ್ರವಾಸಿಗರೆಲ್ಲ ದುರ್ಗ ಗುಡಿಯ ಬೇಲಿಯೊಳಗೆ ಒಂದು ಗಂಟೆ ಕಳೆದು, ಛಾಯಾಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಊರ ಪಕ್ಕದ ಮೇಗುತಿ ಗುಡ್ಡವನ್ನು ಹತ್ತುವವರು ಕಡಿಮೆ. 'ಮೇಗುಡಿ', ಅಂದರೆ ಮೇಲಿನ ಗುಡಿ ಎಂಬುದೇ ಬಾಯಿಂದ ಬಾಯಿಗೆ 'ಮೇಗುತಿ' ಆಗಿದೆ. ಮೆಟ್ಟಿಲು ಹತ್ತುತ್ತ ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ ಎರಡು ಅಂತಸ್ತಿನ ಒಂದು ಕಟ್ಟಡ ಸಿಗುತ್ತದೆ. ಅರ್ಧ ಬಂಡೆಯನ್ನು ಕೊರೆದದ್ದು, ಅರ್ಧ ಕಲ್ಲಿನಿಂದ ಕಟ್ಟಿದ್ದು. ಎರಡೂ ಅಂತಸ್ತುಗಳ ಮುಂದೆ ಚೌಕ ಕಂಬಗಳ ಪಡಸಾಲೆ, ಹಿಂದೆ ಬಂಡೆಯೊಳಗೆ ಸರಿದುಹೋದ ಕೋಣೆಗಳು. ಮೇಲಿನ ಅಂತಸ್ತಿನ ನಡುವಣ ಅಂಕಣದಲ್ಲಿ ಕೊಡೆಯ ಕೆಳಗೆ ಕುಳಿತ ಬುದ್ಧನ ಉಬ್ಬುಚಿತ್ರವಿದೆ. ಮುಂದೆ ತಲೆಯಿಲ್ಲದ ಬುದ್ಧನ ಒಂದು ಮೂರ್ತಿಯೂ ಇದೆ.

ಇದು ಆರನೆಯ ಶತಮಾನದ ಕೊನೆಯ ಭಾಗದ ಕಟ್ಟಡವೆಂದು ವಿದ್ವಾಂಸರ ಅಭಿಪ್ರಾಯ. ಅಂದರೆ ಚೀನಾದ ಭಿಕ್ಷು ಚಾಲುಕ್ಯರ ದೇಶಕ್ಕೆ ಬಂದಾಗ ಇದು ನಿಂತು ಅರ್ಧ ಶತಮಾನದಷ್ಟೇ ಆಗಿತ್ತು. ನಾನು ಐಹೊಳೆಗೆ ಮಕ್ಕಳನ್ನು ಕರೆತಂದದ್ದು ಹತ್ತಕ್ಕೂ ಹೆಚ್ಚು ಸಲ. ಒಮ್ಮೆಯೂ ಇದನ್ನು ತೋರಿಸಿರಲಿಲ್ಲ. "ಚಾಲುಕ್ಯರು ವೈದಿಕ ಮತ್ತು ಜೈನ ಮತಗಳಿಗೆ ಆಶ್ರಯ ನೀಡಿದರು" ಎಂದು ಬರೆಸಿ, ಅಡ್ಡಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ನೂರು ವಿಹಾರಗಳ ಲೆಕ್ಕ ಕೊಟ್ಟ ಯಾತ್ರಿಕನ ಮಾತಿಗೆ ನಮ್ಮ ಹುನಗುಂದ ಸೀಮೆಯಲ್ಲಿಯೇ ಕಲ್ಲಿನ ಸಾಕ್ಷಿಯೊಂದು ಗುಡ್ಡದ ಓರೆಯಲ್ಲಿ ಕುಳಿತಿತ್ತು.

ಅಲ್ಲಿಂದ ಇನ್ನು ಕೆಲವು ಮೆಟ್ಟಿಲು ಹತ್ತಿದರೆ ಮೇಗುತಿಯ ಜಿನಾಲಯ. ಅದರ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿಯ ಪ್ರಸಿದ್ಧ ಶಾಸನವಿದೆ. ಹತ್ತೊಂಬತ್ತು ಸಾಲುಗಳ ಸಂಸ್ಕೃತ ಕಾವ್ಯ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634. ಹರ್ಷವರ್ಧನನ ಹರ್ಷವೇ ಹಾರಿಹೋಯಿತು ಎಂಬ ಅರ್ಥದ ಶ್ಲೇಷೆ ಇರುವುದು ಇಲ್ಲಿಯೇ. ತನ್ನನ್ನು ಕಾಳಿದಾಸ, ಭಾರವಿಗಳಿಗೆ ಸಮನೆಂದು ಕವಿ ಹೇಳಿಕೊಂಡಿರುವುದೂ ಇಲ್ಲಿಯೇ. ನನ್ನ ಮೊಮ್ಮಗ ಕೇಳಿದ: "ಅಜ್ಜಾ, ರಾಜಾನ ಕವಿ ರಾಜಾನ್ನ ಹೊಗಳೇ ಹೊಗಳ್ತಾನಲ್ಲ. ಅದು ಖರೇ ಅಂತ ಹೆಂಗ ನಂಬೋದು?"

ಈ ಸಲ ನನ್ನಲ್ಲಿ ಉತ್ತರವಿತ್ತು. ಶಾಸನ ಕೆತ್ತಿದ ಏಳು ವರ್ಷಗಳ ಅನಂತರ ಪುಲಕೇಶಿಯ ದೇಶಕ್ಕೆ ಬಂದ ಹ್ಯೂಯೆನ್‌ತ್ಸಾಂಗನು ಚಾಲುಕ್ಯರ ಅನ್ನ ತಿಂದವನಲ್ಲ. ಮುಂದೆ ಕನೌಜಿನಲ್ಲಿಯೂ ಪ್ರಯಾಗದಲ್ಲಿಯೂ ಅವನನ್ನು ಅತ್ಯಾದರದಿಂದ ಸತ್ಕರಿಸಿದವನು ಹರ್ಷವರ್ಧನನೇ. ಆದರೂ ಅವನು ಬರೆದಿಟ್ಟನು: ಪೂರ್ವದಿಂದ ಪಶ್ಚಿಮದವರೆಗೆ ಗೆದ್ದ ಹರ್ಷನು ತಾನೇ ಸೈನ್ಯದ ಮುಂದೆ ನಿಂತು ಹೋದರೂ ಈ ಒಂದು ದೇಶದ ಜನರನ್ನು ಮಾತ್ರ ಮಣಿಸಲಾಗಲಿಲ್ಲ ಎಂದು. ಹೊಗಳಿದವನು ಆಸ್ಥಾನದ ಕವಿ, ಒಪ್ಪಿಕೊಂಡವನು ಎದುರಾಳಿಯ ಸ್ನೇಹಿತ. ಇವರಿಬ್ಬರ ಮಾತೂ ಕೂಡಿದಾಗ ಅದು ಇತಿಹಾಸವಾಗುತ್ತದೆ. ಸಾಕ್ಷಿಯನ್ನು ತೂಗುವುದೆಂದರೆ ಏನೆಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಇಲ್ಲಿ ಇನ್ನೊಂದು ಚಿಕ್ಕ ತಿದ್ದುಪಡಿಯನ್ನೂ ಸೇರಿಸಿಬಿಡುತ್ತೇನೆ. ಹರ್ಷ–ಪುಲಕೇಶಿಯರ ಯುದ್ಧ 630ರಿಂದ 634ರ ನಡುವೆ ನಡೆಯಿತೆಂದು ನಿಮಗೆ ಬರೆಸಿದ್ದೆ. 619ರ ಒಂದು ತಾಮ್ರಪಟದಲ್ಲಿಯೇ ಆ ಗೆಲುವಿನ ಉಲ್ಲೇಖವಿರುವುದನ್ನು 2016ರಲ್ಲಿ ವಿದ್ವಾಂಸರು ಪ್ರಕಟಿಸಿದ್ದಾರೆ. ಆದ್ದರಿಂದ ಆ ಯುದ್ಧ 619ಕ್ಕಿಂತ ಈಚಿನದಲ್ಲ.

ಗುಡಿಯ ಹಿಂದೆ ಗುಡ್ಡದ ಮೇಲೆಯೇ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಸಮಾಧಿಗಳು ಚದುರಿವೆ. ಕೊಪ್ಪಳದ ಕಡೆ ಇಂಥವನ್ನು ಮೋರೇರ ಮನೆ ಎನ್ನುತ್ತಾರೆ. ಅವು ಬೃಹತ್ ಶಿಲಾಯುಗದವು. ಚಾಲುಕ್ಯರ ಹೆಸರು ಹುಟ್ಟುವ ಎಷ್ಟೋ ಶತಮಾನಗಳ ಮೊದಲಿನವು. ಅವುಗಳ ನೆರಳಿನಲ್ಲಿ ಕುಳಿತು ಅಮೀನಗಡದ ಕರದಂಟು ತಿಂದು ಗುಡ್ಡ ಇಳಿದೆವು.

ಮರುದಿನ ಬಾದಾಮಿ. ದಕ್ಷಿಣದ ಗುಡ್ಡದ ನಾಲ್ಕು ಗುಹೆಗಳು ನಿಮಗೆಲ್ಲ ಗೊತ್ತಿವೆ. ಮೂರನೆಯ ಗುಹೆಯನ್ನು ಮಂಗಳೇಶನು ಶಕವರ್ಷ 500ರಲ್ಲಿ, ಅಂದರೆ 578ರಲ್ಲಿ ಮಾಡಿಸಿದ ಸಂಗತಿಯೂ ಗೊತ್ತಿದೆ. ಆದರೆ ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವೆ, ಸಂಖ್ಯೆಯೇ ಇಲ್ಲದ ಒಂದು ಗವಿಯಿದೆ. ಅದು ಮನುಷ್ಯರು ಕೊರೆದದ್ದಲ್ಲ, ನಿಸರ್ಗವೇ ಮಾಡಿದ್ದು. ಒಳಗೆ ಹೋಗಬೇಕಾದರೆ ಕೈ ಮತ್ತು ಮೊಣಕಾಲುಗಳನ್ನೂರಿ ಅಂಬೆಗಾಲಿಡಬೇಕು. ನನ್ನ ಮಂಡಿ ಒಪ್ಪದ್ದರಿಂದ ನಾನು ಬಗ್ಗಿ ಬಾಯಲ್ಲಿಯೇ ಉಳಿದೆ. ಮೊಮ್ಮಗ ಮೊಬೈಲಿನ ಬೆಳಕು ಹಿಡಿದ. ಕಲ್ಲಿನಲ್ಲಿ ಸವೆದುಹೋದ ಒಂದು ಆಕೃತಿ ಆ ಬೆಳಕಿಗೆ ಮೆಲ್ಲನೆ ತೋರಿತು. ಅವನು ಪದ್ಮಪಾಣಿ, ಕೈಯಲ್ಲಿ ಕಮಲ ಹಿಡಿದ ಬೋಧಿಸತ್ವ.

ಪದ್ಮಪಾಣಿ ಎಂದರೆ ಅವಲೋಕಿತೇಶ್ವರನ ಒಂದು ರೂಪ. ನಾನು ಜೇಬಿನಿಂದ ಚೀಟಿ ತೆಗೆದೆ. "ನಗರದ ದಕ್ಷಿಣಕ್ಕೆ, ಹೆಚ್ಚು ದೂರವಲ್ಲದ ಜಾಗದಲ್ಲಿ, ಅವಲೋಕಿತೇಶ್ವರನ ಕಲ್ಲಿನ ಮೂರ್ತಿ." ಊರಿನ ದಕ್ಷಿಣದ ಗುಡ್ಡ, ಕಲ್ಲಿನ ಮೂರ್ತಿ, ಅವಲೋಕಿತೇಶ್ವರ – ಎಲ್ಲವೂ ಸರಿಯಾಗಿ ಹೊಂದಿತು! ನನ್ನ ಎದೆ ಹೇಗೆ ಹಾರಿತೆಂದು ಹೇಳಲಾರೆ. ಮೂವತ್ತು ವರ್ಷಗಳ ಹಿಂದೆ ನಾನು ಹೇಳಿದ್ದು ಸರಿಯೇ ಇತ್ತು, ಬೆರಳು ಮಾತ್ರ ತಪ್ಪು ದಿಕ್ಕಿಗೆ ಹೋಗಿತ್ತು ಎಂದುಕೊಂಡೆ. ಆ ಶಿಕ್ಷಕಿಗೆ ಅಲ್ಲಿಂದಲೇ ದೂರವಾಣಿ ಮಾಡಲು ಹೊರಟಿದ್ದೆ.

ಕೈ ತಡೆದದ್ದು ಚೀಟಿಯ ಉಳಿದ ಸಾಲುಗಳು. ಅವನ್ನು ಬಿಟ್ಟು ಒಂದೇ ಸಾಲನ್ನು ಆರಿಸಿಕೊಂಡರೆ 1994ರ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುತ್ತಿತ್ತು. ಗುಹೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಒಂದೊಂದಾಗಿ ತಾಳೆ ನೋಡಿದೆ.

ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿ. ಬಾದಾಮಿಗೆ ಹತ್ತಿರದ ನದಿ ಮಲಪ್ರಭೆ. ಅದು ಬನಶಂಕರಿಯ ಚೋಳಚಗುಡ್ಡದ ಬಳಿ ಹರಿದು, ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿಯ ಪಶ್ಚಿಮದ ಅಂಚಿನಲ್ಲಿ ಅದು ಇಲ್ಲ. ಅಶೋಕನ ಐದು ಸ್ತೂಪಗಳು. ಅಶೋಕನ ಶಾಸನಗಳು ಮಸ್ಕಿ, ಕೊಪ್ಪಳಗಳಲ್ಲಿವೆ. ಬಾದಾಮಿಯಲ್ಲಿ ಒಂದು ಸ್ತೂಪದ ಅವಶೇಷವೂ ಕಂಡುಬಂದಿಲ್ಲ. ಹಳೆಯ ವಿಹಾರ ಎಂದು ಅವನು ಬರೆದಿರುವುದು ಭಿಕ್ಷುಗಳು ವಾಸಿಸುವ ಕಟ್ಟಡವನ್ನು. ಇದು ಅಂಬೆಗಾಲಿಟ್ಟು ನುಸುಳುವ ಗವಿ.

ಇದಕ್ಕಿಂತ ಬಲವಾದ ಸಾಕ್ಷಿ ಅವನ ದಾರಿಯದು. ಈ ದೇಶದ ಪೂರ್ವದ ಗಡಿಯಲ್ಲಿ, ಬೆಟ್ಟದ ಕಮರಿಯಲ್ಲಿ, ಬಂಡೆಯನ್ನು ಕೊರೆದು ಮಾಡಿದ ಮಹಾ ವಿಹಾರವೊಂದಿದೆ ಎಂದು ಅವನು ವರ್ಣಿಸಿದ್ದಾನೆ. ಅದು ಅಜಂತೆಯೆಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಂದ ಮುಂದೆ ಪಶ್ಚಿಮಕ್ಕೆ ಸುಮಾರು ಒಂದು ಸಾವಿರ ಲೀ ನಡೆದು, ನರ್ಮದೆಯನ್ನು ದಾಟಿ ಭರುಕಚ್ಛವನ್ನು, ಅಂದರೆ ಇಂದಿನ ಭರೂಚನ್ನು ಸೇರಿದನು. ಸಾವಿರ ಲೀ ಎಂದರೆ ಸರಿಸುಮಾರು ನಾನೂರು-ಐನೂರು ಕಿಲೋಮೀಟರು. ಭೂಪಟ ಬಿಡಿಸಿ ನೋಡಿರಿ. ಬಾದಾಮಿಯಿಂದ ಹೊರಟವನು ಪಶ್ಚಿಮಕ್ಕೆ ನಡೆದರೆ ಗೋವೆಯ ಸಮುದ್ರಕ್ಕೆ ಬೀಳುತ್ತಾನೆ, ನರ್ಮದೆ ಸಿಗುವುದಿಲ್ಲ. ಅವನು ಕಂಡ ರಾಜಧಾನಿ ಉತ್ತರದಲ್ಲಿ, ಗೋದಾವರಿಯ ಸೀಮೆಯಲ್ಲಿ ಎಲ್ಲಿಯೋ ಇದ್ದಿರಬೇಕು. ನಾಸಿಕ ಎಂಬುದು ಹಲವರ ಊಹೆ. ದೊಡ್ಡ ರಾಜ್ಯದ ಅರಸನು ಒಂದೇ ಊರಿನಲ್ಲಿ ಕುಳಿತಿರುವುದಿಲ್ಲವಷ್ಟೆ.

ಹಾಗಾದರೆ ನಾನು ಬೆರಳು ಮಾಡಿ ತೋರಿಸಿದ ಭೂತನಾಥ ಗುಡಿ? ಅದರ ಅತ್ಯಂತ ಹಳೆಯ ಭಾಗವೇ ಏಳನೆಯ ಶತಮಾನದ ಕೊನೆಯದು. ಮುಂದಿನ ಮಂಟಪ ಇನ್ನೂ ಎಷ್ಟೋ ಈಚಿನದು. ಹ್ಯೂಯೆನ್‌ತ್ಸಾಂಗ್ ಈ ಮೆಟ್ಟಿಲುಗಳ ಮೇಲೆಯೇ ನಿಂತಿದ್ದರೂ ಆ ಗುಡಿ ಅವನ ಕಣ್ಣಿಗೆ ಬೀಳುವಂತಿರಲಿಲ್ಲ. ನನ್ನ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿದ್ದವು.

ಮನಸ್ಸು ಸ್ವಲ್ಪ ಕುಗ್ಗಿತೆಂದೇ ಹೇಳಬೇಕು. ಆದರೂ ಕೆರೆಯನ್ನು ಸುತ್ತಿ ಉಳಿದ ಮೂಲೆಗಳನ್ನೂ ನೋಡಿಬಿಡೋಣವೆಂದು ನಡೆದೆವು. ಭೂತನಾಥದ ಸಮೀಪದ ಬಂಡೆಗಳ ನಡುವೆ ಒಂದು ಚಿಕ್ಕ ಗುಹೆಯಲ್ಲಿ ಪೀಠದ ಮೇಲೆ ಕುಳಿತ ದೊಡ್ಡ ಮೂರ್ತಿಯಿದೆ. ತಲೆಯ ಹಿಂದೆ ಪ್ರಭೆ, ಎಡಬಲದಲ್ಲಿ ಚಾಮರ ಹಿಡಿದವರು. ಬುದ್ಧನೆಂದು ಕೆಲವರೂ ಜಿನನೆಂದು ಕೆಲವರೂ ಬರೆದಿದ್ದಾರೆ. ಊರವರು ಮಾತ್ರ ಅವನನ್ನು ಕೋಷ್ಟರಾಯನೆನ್ನುತ್ತಾರೆ: ಕುಷ್ಠರೋಗದಿಂದ ನರಳಿದ ರಾಜನೊಬ್ಬ ಈ ತೀರ್ಥದಲ್ಲಿ ಮಿಂದು ಗುಣ ಹೊಂದಿದನಂತೆ. ಪಂಡಿತರ ಜಗಳ ತೀರುವವರೆಗೆ ಕಾಯದೆ ಜನ ತಮ್ಮ ಕಷ್ಟಕ್ಕೆ ಬೇಕಾದ ಕಥೆಯನ್ನು ಅವನಿಗೆ ಕಟ್ಟಿಬಿಟ್ಟಿದ್ದಾರೆ.

ಊರೊಳಗೆ ತೆಗ್ಗಿನ ಈರಪ್ಪನ ಗುಡಿಯ ಬಳಿ ಒಂದು ಬಂಡೆಯಿದೆ. ಅದರ ಮೇಲೆ ಪಲ್ಲವ ನರಸಿಂಹವರ್ಮನ ಆಳ್ವಿಕೆಯ ಹದಿಮೂರನೆಯ ವರ್ಷದ ಶಾಸನ. ಬಹಳಷ್ಟು ಸವೆದಿದೆ. ಯುದ್ಧದಲ್ಲಿ ಗೆದ್ದವನು ಸೋತವನ ಊರಿನ ನಟ್ಟನಡುವೆ ಬರೆಸಿದ ಅಕ್ಷರಗಳು ಅವು. 642ರಲ್ಲಿ ಅವನ ಸೈನ್ಯ ವಾತಾಪಿಯನ್ನು ಹಿಡಿಯಿತು, ಪುಲಕೇಶಿಯ ಕಥೆ ಅಲ್ಲಿಗೆ ಮುಗಿಯಿತು. ಒಂದನೆಯ ವಿಕ್ರಮಾದಿತ್ಯನು 655ರಲ್ಲಿ ಸಿಂಹಾಸನವನ್ನು ಮರಳಿ ಪಡೆಯುವವರೆಗೆ ಹದಿಮೂರು ವರ್ಷ ಈ ನಾಡು ಅರಾಜಕವಾಗಿತ್ತು.

ಆ ಬಂಡೆಯ ಮುಂದೆ ನಿಂತಾಗ ಮೊದಲ ಸಲ ಹೊಳೆದ ಸಂಗತಿಯೊಂದಿದೆ. ಹ್ಯೂಯೆನ್‌ತ್ಸಾಂಗ್ ಪುಲಕೇಶಿಯ ದೇಶಕ್ಕೆ ಬಂದದ್ದು ಕಂಚಿಯನ್ನು ನೋಡಿಕೊಂಡು. ಅಂದರೆ ಅವನು ನರಸಿಂಹವರ್ಮನ ಊರಿನಿಂದ ಹೊರಟು ಪುಲಕೇಶಿಯ ನಾಡಿಗೆ ನಡೆದುಬಂದನು. ಸುಮಾರು ಒಂದು ವರ್ಷದಲ್ಲಿ ಅದೇ ದಿಕ್ಕಿನಿಂದ ಸೈನ್ಯ ಬಂದಿತು. ಪುಲಕೇಶಿಯ ಆಜ್ಞೆ ದೂರದವರೆಗೆ ನಡೆಯುತ್ತದೆ, ಪ್ರಜೆಗಳು ಅವನಿಗೆ ನಿಷ್ಠರಾಗಿದ್ದಾರೆ ಎಂದು ಅವನು ಬರೆದ. ಸೈನಿಕರು ಯುದ್ಧಕ್ಕೆ ಮೊದಲು ಮದ್ಯ ಕುಡಿದು, ಆನೆಗಳಿಗೂ ಕುಡಿಸಿ ನುಗ್ಗುತ್ತಾರೆ, ಆದ್ದರಿಂದ ಅರಸನು ನೆರೆಯವರನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದೂ ಬರೆದ. ಆ ರಾಜನಿಗೆ ಉಳಿದಿದ್ದ ಕಾಲ ಎಷ್ಟು ಕಡಿಮೆಯೆಂದು ಅವನಿಗೂ ತಿಳಿದಿರಲಿಲ್ಲ, ರಾಜನಿಗೂ ತಿಳಿದಿರಲಿಲ್ಲ.

ಕೊನೆಯ ದಿನ ಉಳಿದದ್ದು ಕಪ್ಪೆ ಅರಭಟ್ಟನ ಶಾಸನ. ಕೆರೆಯ ಈಶಾನ್ಯ ದಿಕ್ಕಿನ ಬಂಡೆಗೋಡೆಯಲ್ಲಿ ಅದು ಇದೆ. ಸುಮಾರು 700ನೆಯ ಇಸವಿಯದು. ಹಳಗನ್ನಡದ ಹತ್ತು ಸಾಲುಗಳು, ನಡುವೆ ಸಂಸ್ಕೃತದ ಶ್ಲೋಕವೂ ಸೇರಿದೆ. ಬಿ.ಎ. ಮತ್ತು ಬಿ.ಇಡಿ. ಪರೀಕ್ಷೆಗಳಿಗೆ ಉರುಹೊಡೆದ, ತರಗತಿಯಲ್ಲಿ "ಕನ್ನಡದ ಅತ್ಯಂತ ಹಳೆಯ ತ್ರಿಪದಿ" ಎಂದು ಒಂದು ಅಂಕದ ಪ್ರಶ್ನೆ ಮಾಡಿದ ಶಾಸನ. ಬಂಡೆಯ ಮುಂದೆ ನಿಂತು ನೋಡಿದ್ದು ಮಾತ್ರ ಅದೇ ಮೊದಲು. ದಾರಿ ತೋರಿಸಲು ಆಡು ಮೇಯಿಸುವ ಹುಡುಗನೊಬ್ಬ ಜೊತೆಯಾದ.

"ಏನ್ ಬರದೈತ್ರಿ ಅಜ್ಜಾರ ಅದರಾಗ?" ಎಂದು ಕೇಳಿದ.

"ಕಪ್ಪೆ ಅರಭಟ್ಟ ಅಂತ ಒಬ್ಬ ಇದ್ದ, ಅವನ ಸುದ್ದಿ" ಎಂದೆ.

"ಕಪ್ಪಿ?" ಎಂದು ನಕ್ಕ. ಮೊಮ್ಮಗನೂ ನಕ್ಕ.

ನಾನು ಶಾಸನದ ಭಾವವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳತೊಡಗಿದೆ. ಈ ಮನುಷ್ಯ ಒಳ್ಳೆಯವರೊಡನೆ ಒಳ್ಳೆಯವನು, ಸವಿಯಾಗಿ ನಡೆದುಕೊಂಡವರೊಡನೆ ಸವಿಯಾದವನು. ಆದರೆ ಕಾಡಲು ಬಂದವನಿಗೆ ಇವನಂಥ ಎದುರಾಳಿ ಇನ್ನೊಬ್ಬನಿಲ್ಲ. ಇದು ತ್ರಿಪದಿಯ ಭಾವ. ಮಾನವಂತನಿಗೆ ಮಾನಭಂಗಕ್ಕಿಂತ ಸಾವೇ ಲೇಸು, ಏಕೆಂದರೆ ಸಾವಿನ ನೋವು ಒಂದು ಗಳಿಗೆಯದು, ಮಾನಭಂಗದ ನೋವು ದಿನದಿನವೂ ಇರುತ್ತದೆ. ಇದು ಸಂಸ್ಕೃತ ಶ್ಲೋಕದ ಭಾವ.

ಹೇಳುತ್ತ ಹೇಳುತ್ತ ನನ್ನ ಮಾತು ನಿಂತಿತು. ಈ ಮಾತುಗಳನ್ನು ನಾನು ಇತ್ತೀಚೆಗಷ್ಟೇ ಬೇರೆ ಕಡೆ ಓದಿದ್ದೆ. ಎಲ್ಲಿ?

'ಸಿ-ಯು-ಕಿ'ಯಲ್ಲಿ! ಪುಲಕೇಶಿಯ ದೇಶದ ಜನರ ಸ್ವಭಾವವನ್ನು ಹೇಳುವಾಗ ಹ್ಯೂಯೆನ್‌ತ್ಸಾಂಗ್ ಬರೆದದ್ದರ ಸಾರಾಂಶ ಹೀಗಿದೆ: ಈ ಜನ ಉಪಕಾರ ಮಾಡಿದವರಿಗೆ ಕೃತಜ್ಞರು, ಹಗೆಗಳಿಗೆ ನಿರ್ದಯರು. ಅವಮಾನವಾದರೆ ಪ್ರಾಣವನ್ನೇ ಪಣಕ್ಕಿಟ್ಟು ಸೇಡು ತೀರಿಸುತ್ತಾರೆ. ಕಷ್ಟದಲ್ಲಿದ್ದವರು ಬೇಡಿದರೆ ತಮ್ಮನ್ನು ಮರೆತು ನೆರವಾಗುತ್ತಾರೆ. ಸೇಡು ತೀರಿಸುವ ಮುನ್ನ ವೈರಿಗೆ ಎಚ್ಚರಿಕೆ ಕೊಟ್ಟೇ ಹೋಗುತ್ತಾರೆ. ಶರಣು ಬಂದವನನ್ನು ಕೊಲ್ಲುವುದಿಲ್ಲ. ಯುದ್ಧದಲ್ಲಿ ಸೋತ ಸೇನಾಪತಿಗೆ ಇಲ್ಲಿ ಬೇರೆ ಶಿಕ್ಷೆಯಿಲ್ಲ. ಹೆಂಗಸರ ಉಡುಗೆಯನ್ನು ಕೊಡುತ್ತಾರೆ. ಆ ನಾಚಿಕೆಯನ್ನು ತಾಳಲಾರದೆ ಅವನು ತಾನೇ ಪ್ರಾಣ ಬಿಡುತ್ತಾನೆ.

ಅರಭಟ್ಟ ರಾಜನಲ್ಲ. ಅವನ ಹೆಸರು ಈ ಒಂದು ಬಂಡೆಯಿಂದಷ್ಟೇ ಉಳಿದಿದೆ. ಅವನ ಶಾಸನವನ್ನು ಬರೆದವನು ಚೀನೀ ಪುಸ್ತಕವನ್ನು ಓದಿರಲಿಲ್ಲ. ಚೀನೀ ಯಾತ್ರಿಕ ಈ ಬಂಡೆಯನ್ನು ನೋಡಿರಲು ಸಾಧ್ಯವೇ ಇಲ್ಲ. ಅಕ್ಷರಗಳು ಮೂಡುವಾಗ ಅವನು ಬಂದುಹೋಗಿ ಅರವತ್ತು ವರ್ಷಗಳಾಗಿದ್ದವು. ಒಬ್ಬ ಹೊರಗಿನವನು ನಮ್ಮವರನ್ನು ಕಂಡು ಬರೆದದ್ದೂ, ನಮ್ಮವರು ತಮ್ಮೊಳಗಿನ ಒಬ್ಬನನ್ನು ಮೆಚ್ಚಿ ಬರೆದದ್ದೂ ಒಂದೇ ಆಗಿದ್ದವು. ರವಿಕೀರ್ತಿಯ ಮಾತಿಗೆ ಯಾತ್ರಿಕ ಸಾಕ್ಷಿಯಾದಂತೆ, ಯಾತ್ರಿಕನ ಮಾತಿಗೆ ಈ ಬಂಡೆ ಸಾಕ್ಷಿಯಾಗಿತ್ತು.

ಆಡು ಕಾಯುವ ಹುಡುಗ ಸ್ವಲ್ಪ ಹೊತ್ತು ಬಂಡೆಯನ್ನೇ ನೋಡುತ್ತಿದ್ದು, "ನಮ್ಮ ಮುತ್ಯಾನೂ ಹಿಂಗ ಅಂತಿದ್ದ್ರಿ. ಮಾನ ಹೋದ ಮ್ಯಾಗ ರೊಟ್ಟಿ ತಿಂದರೂ ಮೈಗೆ ಹತ್ತಂಗಿಲ್ಲ ಅಂತ" ಎಂದ.

ನನಗೆ ನನ್ನ ತಾಯಿ ನೆನಪಾದಳು. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು ಅವಳು ಹಾಡುತ್ತಿದ್ದದ್ದು ತ್ರಿಪದಿಯೇ. ಓದು ಬರಹ ಬಾರದ ಅವಳಿಗೆ ಬಾದಾಮಿಯ ಬಂಡೆಯ ಸುದ್ದಿ ಗೊತ್ತಿರಲಿಲ್ಲ. ಆದರೆ ಮೂರು ಸಾಲಿನ ಆ ಲಯ ಸಾವಿರದ ಮುನ್ನೂರು ವರ್ಷ ದಾಟಿ ಅವಳ ಕೊರಳಿಗೆ ಬಂದಿತ್ತು. ಆ ಹುಡುಗನ ಮುತ್ಯಾನ ಬಾಯಿಗೆ ಅರಭಟ್ಟನ ಮಾತು ಬಂದದ್ದೂ ಹಾಗೆಯೇ ಇರಬೇಕು.

ಸಂಜೆ ಕೆರೆಯ ಮೆಟ್ಟಿಲ ಮೇಲೆ ಕುಳಿತು ಆ ಶಿಕ್ಷಕಿಗೆ ದೂರವಾಣಿ ಮಾಡಿದೆ. ಮೂವತ್ತು ವರ್ಷಗಳ ಹಿಂದೆ ತಪ್ಪು ಹೇಳಿದ್ದೆನೆಂದು ಒಪ್ಪಿಕೊಂಡೆ. ಎಲ್ಲವನ್ನೂ ವಿವರಿಸಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬೇಸರವಾಯಿತೇನೋ ಎಂದು ಅಂಜಿದೆ. ಆಮೇಲೆ ಕೇಳಿದಳು:

"ಹಂಗಾದರ ಸರ, ನಾನು ಇಷ್ಟು ವರ್ಷ ಹೇಳಿದ ಮಕ್ಕಳಿಗೆ ಈಗ ಯಾರು ಹೇಳಬೇಕ್ರಿ?"

ಈ ಪ್ರಶ್ನೆಗೂ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಆದರೆ ಈ ಸಲ ಯಾವ ಗುಡಿಯತ್ತಲೂ ಬೆರಳು ಮಾಡಲಿಲ್ಲ. "ನನಗ ಗೊತ್ತಿಲ್ಲವ್ವಾ. ಕೈಲಾದಷ್ಟು ಮಂದಿಗೆ ಹೇಳೋಣ" ಎಂದೆ. ಈ ಬರಹ ಆ ಕೆಲಸದ ಒಂದು ಭಾಗ.

ಈ ವರ್ಷದ ಪ್ರವಾಸದಲ್ಲಿ ಅವಳು ಮಕ್ಕಳನ್ನು ಮೇಗುತಿ ಗುಡ್ಡ ಹತ್ತಿಸಿ ತಲೆಯಿಲ್ಲದ ಬುದ್ಧನನ್ನು ತೋರಿಸುವಳಂತೆ. ಬಾದಾಮಿಯಲ್ಲಿ ನಾಲ್ಕು ಗುಹೆಗಳ ಬಳಿಕ ಕೆರೆಯನ್ನು ಸುತ್ತಿಸಿ ಅರಭಟ್ಟನ ಬಂಡೆಯವರೆಗೆ ನಡೆಸುವಳಂತೆ. ನನ್ನನ್ನೂ ಕರೆದಿದ್ದಾಳೆ. ಮಂಡಿ ಒಪ್ಪಿದರೆ ಹೋಗುತ್ತೇನೆ.

ಬೆಂಗಳೂರು, ಪುಣೆ ಮತ್ತು ಅದಕ್ಕೂ ದೂರದ ಊರುಗಳಲ್ಲಿರುವ ನೀವು ಬನಶಂಕರಿ ಜಾತ್ರೆಗೋ ಮದುವೆಗೋ ಊರಿಗೆ ಬಂದಾಗ ಒಂದು ದಿನವನ್ನು ಈ ಮೂಲೆಗಳಿಗೆ ಮೀಸಲಿಡಿರಿ. ಬೆಳಗ್ಗೆ ಬೇಗ ಹೊರಡಿರಿ, ನೀರು ಒಯ್ಯಿರಿ, ಬುತ್ತಿಯನ್ನು ಮಂಗಗಳಿಗೆ ಕಾಣದಂತೆ ಇಟ್ಟುಕೊಳ್ಳಿರಿ. ಶಾಸನಗಳ ಮೇಲೆ ಸುಣ್ಣ ಬಳಿಯುವುದಾಗಲಿ ಸೀಮೆಸುಣ್ಣ ತಿಕ್ಕುವುದಾಗಲಿ ಬೇಡ. ಮುಂಜಾನೆಯ ಓರೆಬಿಸಿಲು ಅಕ್ಷರಗಳನ್ನು ತಾನೇ ಎತ್ತಿ ತೋರಿಸುತ್ತದೆ.

1994ರ ನೋಟುಪುಸ್ತಕ ಇನ್ನೂ ಯಾರ ಬಳಿಯಲ್ಲಾದರೂ ಉಳಿದಿದ್ದರೆ, ದಯವಿಟ್ಟು ಭೂತನಾಥ ಗುಡಿಯ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೀಗೆ ಬರೆದುಕೊಳ್ಳಿರಿ: ಹ್ಯೂಯೆನ್‌ತ್ಸಾಂಗ್ ಬಾದಾಮಿಗೆ ಬಂದಿದ್ದನೆನ್ನಲು ಆಧಾರವಿಲ್ಲ. ಆದರೆ ಅವನು ನಮ್ಮ ಜನರನ್ನು ಕಂಡಿದ್ದನು, ಕಂಡದ್ದನ್ನು ಸರಿಯಾಗಿ ಬರೆದನು.